ನಕ್ಷತ್ರ ಕಾಣುವ ಛಾವಣಿ

೧೯೯೧ರಲ್ಲಿ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅವತ್ತಿನಿಂದ ಈ ಎರಡು ಕೈಗಳೇ ನನ್ನ ಸರ್ಟಿಫಿಕೇಟು. ಮಸ್ಕತ್ತಿನ ಎಷ್ಟೋ ಆಫೀಸುಗಳ ಫಾಲ್ಸ್ ಸೀಲಿಂಗ್ ನಾನು ಕೂರಿಸಿದ್ದು. ಒಂದೂ ಬಿರುಕು ಬಿಟ್ಟಿಲ್ಲ. ಅಂಥವನಿಗೆ ಕಳೆದ ತಿಂಗಳು ಐದು ವರ್ಷದ ಹುಡುಗಿಯೊಬ್ಬಳು ಹೇಳಿದಳು: "ಅಂಕಲ್, ಯುವರ್ ರೂಫ್ ಈಸ್ ರಾಂಗ್!"

ನನ್ನ ಹೆಂಡತಿ ಶಶಿಕಲಾ, ಮಸ್ಕತ್ತಿನ ಅಜೈಬಾದ ನಮ್ಮ ಫ್ಲ್ಯಾಟಿನಲ್ಲಿ, ಅಪ್ಪ ಅಮ್ಮ ಆಫೀಸಿಂದ ಬರುವವರೆಗೆ ಅಕ್ಕಪಕ್ಕದವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮೂವರು ನಮ್ಮ ಕನ್ನಡದವರ ಮಕ್ಕಳು. ನಾಲ್ಕನೆಯವಳು ತಾಲ್ಯಾ, ಕೆಳಗಿನ ಫ್ಲೋರಿನ ಡಚ್ ನರ್ಸಿನ ಮಗಳು. ನಮಗೆ ಮಕ್ಕಳಿಲ್ಲ. ಹಾಗಾಗಿ ನಾಲ್ಕೂ ನಮ್ಮವೇ ಎಂದುಕೊಂಡಿದ್ದೆವು.

ತಾಲ್ಯಾಳ ಅಮ್ಮ ಬಂದು, "ನಮ್ಮ ಹಬ್ಬ ಬಂತು. ಶೂ ಡಬ್ಬಿಯಲ್ಲಿ ಒಂದು ಪುಟ್ಟ ಚಪ್ಪರ ಮಾಡಿಸ್ತೀರಾ?" ಎಂದು ಕೇಳಿದರು. ಯಹೂದಿಗಳ ಸುಕ್ಕೋತ್ ಹಬ್ಬವಂತೆ. ವಾರವಿಡೀ ಎಲೆ ಹೊದೆಸಿದ ಚಪ್ಪರದ ಕೆಳಗೆ ಊಟ. ಚಪ್ಪರ ಅಂದ ಮೇಲೆ ನನ್ನನ್ನು ಬಿಟ್ಟು ಇನ್ಯಾರು?

ಒಬ್ಬರು ಮಾಡಿದ್ದನ್ನು ಎಲ್ಲರೂ ಮಾಡಬೇಕು, ಮಾಡಿದ್ದನ್ನು ಮನೆಗೆ ಒಯ್ಯಬೇಕು. ಇದು ನಮ್ಮ ಮನೆಯ ಕಾನೂನು. ನಾಲ್ಕು ಡಬ್ಬಿ ಬಂತು. ಮಕ್ಕಳು ಕ್ರೆಯಾನ್ ತಿಕ್ಕಿದರು, ಕಾಗದದ ಸರ ಅಂಟಿಸಿದರು (ಅರ್ಧ ಗೋಂದು ನನ್ನ ಪ್ಯಾಂಟಿಗೆ). ನಾನು ಖರ್ಜೂರದ ಗರಿ ಸೀಳಿ, ಊರಲ್ಲಿ ತೆಂಗಿನ ಮಡಲು ಹೆಣೆಯುವಂತೆ ಬಿಗಿಯಾಗಿ ಹೆಣೆದೆ. ಹನಿ ನೀರು ಇಳಿಯಬಾರದು, ಹಾಗೆ.

ತಾಲ್ಯಾ ಅಳತೊಡಗಿದಳು. ಸಂದು ಬಿಡಬೇಕಂತೆ. ಒಳಗೆ ಕೂತರೆ ನಕ್ಷತ್ರ ಕಾಣಬೇಕಂತೆ!

"ಕಡೆಗೂ ಒಬ್ಬಳು ನಿಮ್ಮ ಕೆಲಸ ರಿಜೆಕ್ಟ್ ಮಾಡಿದಳಲ್ಲ ಮಾರಾಯ್ರೆ," ಎಂದು ಶಶಿಕಲಾ ನಕ್ಕಳು. ನಾನು ಗರಿ ಬಿಚ್ಚಿದೆ. ನಾಲ್ವರೂ ಡಬ್ಬಿ ಹಿಡಿದು ಮನೆಗೆ ಹೋದರು.

ಸಂಜೆಯೇ ಫೋನು. ಆ ಮೂವರಲ್ಲೊಬ್ಬನಾದ ಆರವ್‌ನ ಅಪ್ಪ ಅಶೋಕ್, ಧಾರವಾಡದ ಕಡೆಯವರು, ಅಲ್ ಖುವೈರ್‌ನಲ್ಲಿ ಅಕೌಂಟ್ಸ್ ಮ್ಯಾನೇಜರ್.

"ಏನ್ರೀ ಅಣ್ಣಾ, ಮಕ್ಕಳ ಕೈಲೆ ಏನ್ ಮಾಡ್ಸಾಕತ್ತೀರಿ? ಆ ಹುಡುಗಿ ಯಹೂದಿ ಅಂತ ಮೊದ್ಲ ಯಾಕ ಹೇಳ್ಲಿಲ್ಲ?"

"ಎಲೆ ಚಪ್ಪರ ಮಾರಾಯ್ರೆ. ಅದಕ್ಕೆ ಎಂತ ಆಯ್ತು?"

"ಟೀವಿ ನೋಡಂಗಿಲ್ಲೇನು? ಜಗತ್ತಿನ್ಯಾಗ ಏನ್ ನಡದೈತಿ? ನಮ್ಮ ಕಫೀಲ್ ಕಿವಿಗೆ ಬಿದ್ರ ಏನ್ ಹೇಳೂದು? ಮೂರೂ ಮನಿಯವ್ರು ಮಾತಾಡೀವಿ. ಆಕಿನ್ನ ಬಿಡಿಸ್ರಿ. ಇಲ್ಲಾಂದ್ರ ನಮ್ಮವು ಬರಂಗಿಲ್ಲ. ಖಲಾಸ್."

(ಕಫೀಲ್ ಅಂದರೆ ವೀಸಾ ಕೊಡಿಸಿದ ಇಲ್ಲಿನ ಯಜಮಾನ. ಯಾವ ಕಫೀಲೂ ಕೇಳಿರಲಿಲ್ಲ. ಎದುರು ಮನೆಯ ಒಮಾನಿ ಅಜ್ಜ ತಾಲ್ಯಾಳ ಡಬ್ಬಿ ನೋಡಿ ನಕ್ಕು ತಲೆ ಸವರಿದ್ದ. ಹೆದರಿಕೆ ಪೂರ್ತಿ ನಮ್ಮದೇ.)

"ನನ್ನ ಮನೆಯಿಂದ ಯಾವ ಮಗುವನ್ನು ಕಳಿಸಬೇಕು ಅಂತ ಆರ್ಡರ್ ನೀವು ಕೊಡೋದು ಬೇಡ," ಎಂದು ಫೋನಿಟ್ಟೆ.

ಮರುದಿನ ಮೂವರೂ ಬರಲಿಲ್ಲ. ಅದರಲ್ಲೊಂದು ನನ್ನದೇ ತಾಲೂಕಿನವರ ಮನೆ. ಅವರು ಫೋನೂ ಮಾಡಲಿಲ್ಲ. ಲಿಫ್ಟಿನಲ್ಲಿ ಆರವ್ ನನ್ನನ್ನು ಕಂಡು ಕೈ ಬೀಸಿದ. ಅಶೋಕ್ ಆ ಕೈಯನ್ನು ಮೆಲ್ಲನೆ ಹಿಡಿದು ಕೆಳಗಿಳಿಸಿದರು. ನಾಲ್ಕು ವರ್ಷದ ಹುಡುಗ. ಎಷ್ಟು ಬೇಗ ಕಲಿತ, ಗೊತ್ತೇ? ಎರಡನೇ ಸಲ ಎತ್ತಲೇ ಇಲ್ಲ.

"ನಿಮ್ಮ ಮಾತು ಉಳೀತು," ಅಂದಳು ಶಶಿಕಲಾ. "ಮಕ್ಕಳು ಉಳೀಲಿಲ್ಲ."

"ಹಾಗಾದರೆ ಇವಳನ್ನ ಕಳಿಸ್ಲಾ?"

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು. ಅಳುವಾಗ ಅವಳು ಹಾಗೆಯೇ.

ತಾಲ್ಯಾ ದಿನವೂ ಬಂದು ಬಾಗಿಲಲ್ಲೇ ನಿಲ್ಲುತ್ತಾಳೆ. ಶೂ ಬಿಚ್ಚುವುದಿಲ್ಲ. "ಈಸ್ ಇಟ್ ಫ್ರೈಡೇ, ಅಂಕಲ್?" ಎನ್ನುತ್ತಾಳೆ. ಇಲ್ಲಿ ಶುಕ್ರವಾರ ರಜೆ; ಯಾರೂ ಬರದಿದ್ದರೆ ಅವತ್ತು ಶುಕ್ರವಾರ ಎಂದು ಅವಳ ಲೆಕ್ಕ. ಸೋಮವಾರವೂ ಕೇಳಿದಳು. ಬುಧವಾರವೂ ಕೇಳಿದಳು.

ಸದ್ಯ ನಮ್ಮ ಹಾಲಿನಲ್ಲಿ ಇರುವುದು ಪುಟ್ಟ ಕುರ್ಚಿ ನಾಲ್ಕು, ಮಗು ಒಂದು.