ಕಲೆ ಎಂದುಕೊಂಡ ಹೊಂಬಾಳೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ತಿಪಟೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಫೋಟೋ ಸ್ಟುಡಿಯೋ. ಫೋಟೋ ತೆಗೆಯುವುದು ನನ್ನ ಯಜಮಾನರ ಕೆಲಸ, ಹಳೆಯ ಫೋಟೋಗಳನ್ನು ಸರಿಮಾಡುವುದು ನನ್ನದು. ಬೆಳಗಿನ ಹೊತ್ತು ಕಿಟಕಿಯ ಹತ್ತಿರ ಕೂತು ಕುಂಚ ಹಿಡಿದೆನೆಂದರೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಹರಿದ ಕಿವಿ, ಹುಳು ತಿಂದ ಮೂಗು ಎಲ್ಲವನ್ನೂ ಮತ್ತೆ ತಂದಿಟ್ಟಿದ್ದೇನೆ. ಬದುಕಿದ್ದಾಗ ಕರಿಮಣಿ ಬಿಟ್ಟು ಬೇರೇನೂ ಕಾಣದ ಎಷ್ಟೋ ಅಜ್ಜಿಯರ ಕೊರಳಿಗೆ ಕಾಸಿನ ಸರ ಹಾಕಿದ್ದೇನೆ. ಮಕ್ಕಳು ಕೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಸತ್ತ ಮೇಲಾದರೂ ಹಾಕಿಕೊಳ್ಳಲಿ ಬಿಡಿ ಎನ್ನುವುದು ನನ್ನ ವಾದ.

ಇನ್ನೊಂದು ಚಾಳಿಯೂ ಇತ್ತು. ಹಿಂದೆ ಕಾಣುವ ಬಣವೆ, ಹಗ್ಗ, ಎಮ್ಮೆ, ಏನೇ ಇರಲಿ, ಬೂದು ಬಣ್ಣ ಬಳಿದು ಮುಚ್ಚಿಬಿಡುತ್ತಿದ್ದೆ. ಮನುಷ್ಯರು ಎದ್ದು ಕಾಣಬೇಕು ತಾನೇ? ನಮ್ಮ ಎಮ್ಮೆ ಎಲ್ಲಿ ಎಂದು ಯಾರೂ ತಕರಾರು ತೆಗೆದಿರಲಿಲ್ಲ.

ಒಂದು ದಿನ ಹಂದನಕೆರೆ ಕಡೆಯ ಹೆಂಗಸೊಬ್ಬರು ಬಂದರು. ವಯಸ್ಸು ಐವತ್ತು ದಾಟಿತ್ತು, ಹಣೆ ತುಂಬ ವಿಭೂತಿ. ಸೆರಗಿನಲ್ಲಿ ಸುತ್ತಿ ತಂದಿದ್ದ ಫೋಟೋ ಮಸಿ ಹಿಡಿದು ಕಪ್ಪಾಗಿತ್ತು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿಗೆಂದು ಹಾಕಿದ ಕಾಯಿಗಳ ನಡುವೆ ವರ್ಷಗಟ್ಟಲೆ ಬಿದ್ದಿತ್ತಂತೆ. ಒಲೆಯ ಹೊಗೆ ಕಾಯಿಗೆ ಒಳ್ಳೆಯದು, ಫೋಟೋಗೆ ಅಲ್ಲ. ಕುರ್ಚಿಯಲ್ಲಿ ಕೂತ ಒಬ್ಬ ತರುಣಿ, ಅವಳ ತೋಳಿನಲ್ಲಿ ಒಂದು ಎಳೆಗೂಸು, ಅಷ್ಟು ಮಾತ್ರ ಕಾಣುತ್ತಿತ್ತು.

“ಇದು ನಮ್ಮವ್ವ ಕಣವ್ವ,” ಅಂದರು. “ಕೂಸು ನಮ್ಮಕ್ಕ.”

“ನೀವಿಲ್ವಾ ಅಮ್ಮಾ?”

“ನಾನು ಹುಟ್ಟಿದ್ದು ಎಷ್ಟೋ ವರ್ಸ ಆದ್ಮೇಲೆ. ನನ್ನ ಹೆತ್ತು ಹಾಸಿಗೆ ಹಿಡಿದೋಳು ಮೇಲೇಳ್ಲೇ ಇಲ್ವಂತೆ. ನನ್ನ ಒಂದ್ಸಲನೂ ಎತ್ಕಳ್ಳಿಲ್ಲ ಅಂತ ನಮ್ಮ ಸೋದರತ್ತೆ ಸಾಯೋ ಗಂಟ ಹೇಳೋರು.”

ಇದನ್ನು ಅವರು ಅಳುತ್ತ ಹೇಳಲಿಲ್ಲ. ಅದನ್ನು ನಂಬಿಕೊಂಡೇ ಅವರ ತಲೆ ನರೆತಿತ್ತು. ಆ ತಾಯಿ ಹೆತ್ತದ್ದು ಇಬ್ಬರನ್ನೇ. ಅಕ್ಕ ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದಳು. ಹೊರಟವರು ಬಾಗಿಲಲ್ಲಿ ತಿರುಗಿ, “ಅವ್ವನ ಕೊರಳಿಗೊಂದು ಕಾಸಿನ ಸರ ಬರಿ ತಾಯಿ. ಬರೀ ಕೊರಳು ನೋಡಕ್ಕಾಗಲ್ಲ,” ಅಂದರು.

ಒಣ ಹತ್ತಿಯಲ್ಲಿ ತಟ್ಟಿ ತಟ್ಟಿ ಮಸಿ ತೆಗೆಯಲು ಎರಡು ದಿನ ಹಿಡಿಯಿತು. ಅವಸರಪಟ್ಟು ಉಜ್ಜಿದರೆ ಮುಖವೇ ಎದ್ದು ಬರುತ್ತದೆ. ಆಮೇಲೆ ಯಜಮಾನರು ಅದರ ಫೋಟೋ ತೆಗೆದು ದೊಡ್ಡ ಪ್ರಿಂಟು ಹಾಕಿಕೊಟ್ಟರು, ನನ್ನ ಕುಂಚ ಏನಿದ್ದರೂ ಅದರ ಮೇಲೆ. ತಾಯಿಯ ಹೆಗಲ ಹಿಂದೆ ದನಗಳಿಗೆ ನೀರಿಡುವ ಒಂದು ಕಲ್ಲುಬಾನಿಯ ಅಂಚು, ತೆಂಗಿನ ಗರಿಗಳು, ಗರಿಗಳ ನಡುವೆ ಉದ್ದನೆಯ ಬಿಳಿ ಕಲೆ. ಇಷ್ಟು ಕಷ್ಟಪಟ್ಟರೂ ಕಲೆ ಹೋಗಲಿಲ್ಲವಲ್ಲ ಎಂದು ರೇಗಿಹೋಗಿ, ಬೂದು ಬಣ್ಣ ಕಲಸಿ ಬಳಿಯತೊಡಗಿದೆ.

ಅಷ್ಟರಲ್ಲಿ ಸಂತೆಗೆ ಬಂದಿದ್ದ ಆ ಹಂದನಕೆರೆಯವರು, ಕೆಲಸ ಎಲ್ಲಿಗೆ ಬಂತೆಂದು ನೋಡಲು ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತರು.

“ಅಯ್ಯೋ, ಅದ್ಯಾಕ್ ಮುಚ್ತೀಯ?”

“ಕಲೆ ಅಮ್ಮಾ.”

“ಕಲೆ ಎಲ್ಲೈತೆ? ಹೊಂಬಾಳೆ ಕಣವ್ವ ಅದು!”

ತೆಂಗಿನ ಬುಡದಲ್ಲೇ ಹುಟ್ಟಿ ಬೆಳೆದ ನನಗೆ ಹೊಂಬಾಳೆ ಕಂಡಿರಲಿಲ್ಲ. ನಾಚಿಕೆಯಾಗಿ, ಒದ್ದೆ ಹತ್ತಿಯಲ್ಲಿ ಬಣ್ಣ ಒರೆಸಿದೆ. ಒರೆಸಿದಂತೆಲ್ಲ ಬಾನಿ ಬಂತು, ಅದರ ಪಕ್ಕ ಸೊಂಟದೆತ್ತರದ ಬುಡ ಬಂತು, ಗರಿಗಳ ನಡುವೆ ಆಗಷ್ಟೇ ಬಿರಿದ ಹೂಗೊನೆ, ಒಂದೇ ಒಂದು ಹೊಂಬಾಳೆ ಬಂತು.

ಅವರು ಬಾಗಿ ನೋಡಿದರು. ಪ್ರಿಂಟನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು.

“ಬಾನಿ ಪಕ್ಕದ ಮರ. ಅಕ್ಕ ಹುಟ್ಟಿದ್ ವರ್ಸ ಅಪ್ಪ ಅವಳ ಹೆಸರಲ್ಲಿ ನೆಟ್ಟಿದ್ದು. ಈಗ್ಲೂ ಐತೆ.” ಹೊಂಬಾಳೆಯ ಮೇಲೆ ಬೆರಳಿಟ್ಟು, “ಸಸಿ ನೆಟ್ಟು ಹೊಂಬಾಳೆ ಬರಾಕೆ ಏಳೆಂಟು ವರ್ಸ ಬೇಕು ಕಣವ್ವ,” ಅಂದರು.

ನಾನೂ ಲೆಕ್ಕ ಹಾಕಿದೆ. ಅಕ್ಕ ಕೂಸಾಗಿದ್ದಾಗ ಈ ಮರ ಮೊಣಕಾಲುದ್ದದ ಸಸಿ. ಇದಕ್ಕೆ ಹೊಂಬಾಳೆ ಬರುವ ಹೊತ್ತಿಗೆ ಅಕ್ಕ ಮಣ್ಣು ಸೇರಿ ವರ್ಷಗಳಾಗಿದ್ದವು. ಹಾಗಾದರೆ ತೋಳಿನಲ್ಲಿರುವ ಕೂಸು ಅಕ್ಕನಲ್ಲ. ಮನೆಯವರೆಲ್ಲ ಐವತ್ತು ವರ್ಷ ಹೇಳಿಕೊಂಡು ಬಂದ ಮಾತನ್ನು ಬಾಯಿಲ್ಲದ ಒಂದು ಮರ ಸುಳ್ಳು ಮಾಡಿ ನಿಂತಿತ್ತು! ಗಾರುಡಿಯೆಂದರೆ ನನ್ನ ಕುಂಚದ್ದೇ ಎಂದು ಬೀಗುತ್ತಿದ್ದ ನಾನು ಅದರ ಮುಂದೆ ಕುಂಚ ಕೆಳಗಿಟ್ಟು ಕೂತೆ. ಇವರು ಇನ್ನೊಂದು ಗಳಿಗೆ ತಡವಾಗಿ ಬಂದಿದ್ದರೆ, ಬೂದು ಗೋಡೆ ನೋಡಿ, ಚೆನ್ನಾಗಿದೆ ಎಂದು ಒಯ್ದುಬಿಡುತ್ತಿದ್ದರು.

ಕೂಸಿನ ತಲೆಯ ಕೆಳಗೆ ತಾಯಿಯ ಅಂಗೈ ಇತ್ತು. ಅವರು ಅದನ್ನು ಬೆರಳ ತುದಿಯಿಂದ, ತಾಗಿಯೂ ತಾಗದ ಹಾಗೆ ಸವರುತ್ತಲೇ ಇದ್ದರು. ನನ್ನ ಬಾಯಿಗೆ ಬಂದದ್ದು ಕಸುಬಿನ ಮಾತೇ.

“ಸರ ಇವತ್ತೇ ಬರೀಲಾ ಅಮ್ಮಾ?”

“ಸರ ಬ್ಯಾಡ ಬುಡವ್ವ,” ಅಂದರು. “ಕೈಯಾಗೆ ನಾನೇ ಇದೀನಲ್ಲ.”