ಪೆನ್ಸಿಲ್ಲು ಅಳಿಸಿದ ಕಲೆ

ಆ ದಿನ ಅಂಗಳ ಗುಡಿಸಿದೆ, ಕೊಡ ತಿಕ್ಕಿದೆ, ಜೋಳ ಹಸನು ಮಾಡಿ ಗಿರಣಿಗೆ ಹೋಗಿ ಬಂದೆ, ಪುಂಡಿಪಲ್ಲೆ ಸೊಪ್ಪು ಸೋಸಿಟ್ಟೆ, ಮನೆಯವರ ಖಾಕಿ ಅಂಗಿಗೆ ಗಂಜಿ ಹಾಕಿ ಹಗ್ಗದ ಮೇಲೆ ಹರವಿದೆ. ಆಮೇಲೆ ಸಾಹೇಬರಿಗೆ ಎರಡು ಸಲ ಚಹಾ ಮಾಡಿದೆ. ಮೊದಲನೆಯದನ್ನು ಅವರು ಮುಟ್ಟಲೇ ಇಲ್ಲ.

ನನ್ನ ತವರು ಸರಸಂಬಾ. ಮನೆಯವರು ಸಬ್‌ಜೈಲಿನ ವಾರ್ಡರ್. ಆಳಂದ, ಜೇವರ್ಗಿ, ಅಫಜಲಪುರ ಎಂದು ವರ್ಗವಾದ ಕಡೆಯಲ್ಲೆಲ್ಲ ನಮ್ಮ ಕ್ವಾರ್ಟರ್ಸು ಜೈಲಿನ ಗೋಡೆಗೆ ಅಂಟಿಕೊಂಡೇ ಇರುತ್ತಿತ್ತು. ಒಳಗೆ ಯಾರಾದರೂ ಕೆಮ್ಮಿದರೆ ಇಲ್ಲಿ ಒಲೆಯ ಮುಂದೆ ಕೂತ ನನಗೆ ಕೇಳುತ್ತಿತ್ತು. ಇದು ಆ ಊರುಗಳಲ್ಲೊಂದರ ಮಾತು, ಎಂಬತ್ತರ ದಶಕದ್ದು.

ಜೈಲಿನ ಉಸ್ತುವಾರಿಗೆ ಹೊಸದಾಗಿ ಬಂದಿದ್ದ ಸಾಹೇಬರು ಒಂದು ಪದ್ಧತಿ ತಂದಿದ್ದರು. ಯಾರೇ ಒಳಗೆ ಬರಲಿ, ಬಂದ ದಿನವೇ ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಸಬೇಕು. ಹೊಡೆದರು ಬಡಿದರು ಎಂದು ನಾಳೆ ಯಾರಾದರೂ ಅಂದರೆ ಬಂದಾಗ ಹೇಗಿದ್ದನೆಂದು ಫೋಟೋ ಹೇಳಬೇಕು. ಸರಕಾರದ ಕ್ಯಾಮೆರಾ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದವನೇ ಸೈಕಲ್ ಮೇಲೆ ಬರುತ್ತಿದ್ದ. ಮನೆಯವರಿಗೆ ಇದು ಹಿಡಿಸಿತ್ತು. ಮೊದಲಾದರೆ ಬಂದವನ ಮೈಮೇಲಿನ ಗಾಯವನ್ನೆಲ್ಲ ಬರೆದಿಡುತ್ತಿದ್ದರು. ಈಗ "ಫೋಟೋದಾಗ ಬರ್ತದಲ್ಲ ಬೇ, ಮತ್ಯಾಕ ಬರೀಬೇಕು?" ಎಂದು ಅದನ್ನು ಬಿಟ್ಟಿದ್ದರು.

ಆ ವಾರ ಹೊಲದ ಬದುವಿನ ಜಗಳದಲ್ಲಿ ಒಬ್ಬ ರೈತ ಒಳಗೆ ಬಂದಿದ್ದ. ಎಡಗಣ್ಣಿನ ಕೆಳಗೆ ಬದನೆಕಾಯಿ ಬಣ್ಣಕ್ಕೆ ಕಂದಿತ್ತು. ಕೇಳಿದರೆ "ಬಿದ್ದೀನ್ರಿ" ಎಂದಿದ್ದ. ಮನೆಯವರು ನನ್ನಿಂದ ಅರಿಶಿನ ಒಯ್ದು ಹಚ್ಚಲು ಕೊಟ್ಟಿದ್ದರು. ಭೇಟಿಗೆ ಬಂದ ಅವನ ಹೆಂಡತಿ ಆ ಕಣ್ಣು ನೋಡಿದ್ದೇ ತಡ, ಗೇಟಿನಲ್ಲಿ ನಿಂತು ಕೂಗಿದಳು. "ಬಿದ್ದರ ಹಿಂಗ ಆಗ್ತದೇನು? ಒಳಗ ಹಾಕಿ ಬಡದಾರ ನನ್ನ ಗಂಡಗ!" ಅಲ್ಲಿಂದ ನೆಟ್ಟಗೆ ಸಾಹೇಬರ ಕಚೇರಿಗೆ ಹೋದಳು.

ಮರುದಿನವೇ ಸಾಹೇಬರು ಬಂದರು. ಫೋಟೋ ತರಿಸಿ ಮೇಜಿನ ಮೇಲಿಟ್ಟರು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಫೋಟೋದಲ್ಲಿ ಅವನ ಮುಖ ನಿಶ್ಚಿತಾರ್ಥಕ್ಕೆ ಹೊರಟ ವರನ ಹಾಗೆ ನುಣ್ಣಗಿತ್ತು. ಕಣ್ಣಿನ ಕೆಳಗೆ ಚುಕ್ಕೆಯೂ ಇಲ್ಲ.

"ಬಂದಾಗ ಮಾರಿ ನೆಟ್ಟಗ ಅದ. ಈಗ ಕಪ್ಪಾಗ್ಯಾದ. ನಡುವ ಯಾರ ಕೈ ಆಡ್ಯಾದ, ಹೇಳ್ರಿ."

"ಬರೂಮುಂದನ ಇತ್ರಿ ಸಾಹೇಬ್ರ."

"ಬರದೀರೇನು?"

ಬರೆದಿರಲಿಲ್ಲ. ಸಂಜೆಯೊಳಗೆ ಸಸ್ಪೆಂಡ್ ಮಾಡುವುದಾಗಿ ಸಾಹೇಬರು ಹೇಳಿದರು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ. ಚಹಾ ಅಲ್ಲಿಟ್ಟು ಮನೆಗೆ ಬಂದು, ಏನೇನು ಕಟ್ಟಬೇಕೆಂದು ಗೋಡೆ ನೋಡುತ್ತ ನಿಂತೆ. ಮೊಳೆಗೆ ನಮ್ಮಿಬ್ಬರ ಫೋಟೋ ತೂಗುಬಿದ್ದಿತ್ತು, ಅದೇ ಸ್ಟುಡಿಯೋದವನು ತೆಗೆದದ್ದು. ನಾನು ಸಣ್ಣವಳಿದ್ದಾಗ ಸಿಡುಬು ಎದ್ದು ಎರಡೂ ಗಲ್ಲದ ಮೇಲೆ ಕಲೆಗಳಿವೆ. ಫೋಟೋದಲ್ಲಿ ಒಂದೂ ಇಲ್ಲ. ಅದು ಬಂದ ದಿನ ನಮ್ಮತ್ತೆ "ಇಕಿ ಯಾರ ಮಗಳವ್ವಾ, ಇಷ್ಟು ಚಂದದಾಳ?" ಎಂದು ಛೇಡಿಸಿದ್ದರು.

ಫೋಟೋ ಇಳಿಸಿ ಸೆರಗಿನಿಂದ ಧೂಳು ಒರೆಸಿಕೊಂಡು ಹೊರಟೆ.

"ಸಾಹೇಬ್ರ, ಇದನ್ನಷ್ಟು ನೋಡ್ರಿ, ಅದೇ ಸ್ಟುಡಿಯೋದವ ತೆಗದದ್ದು. ನನ್ನ ಮಾರೀನೂ ನೋಡ್ರಿ."

ಅವರು ಫೋಟೋ ನೋಡಿದರು, ನನ್ನ ನೋಡಿದರು, ಮತ್ತೆ ಫೋಟೋ ನೋಡಿದರು. "ಕರೀರಿ ಅವನ್ನ" ಎಂದರು.

ಸ್ಟುಡಿಯೋದವನು ನೆಗೆಟಿವ್ ಡಬ್ಬಿ ಸಮೇತ ಬಂದ. ಕೇಳಿದ ಕೂಡಲೆ ಎದೆಯುಬ್ಬಿಸಿ ಒಪ್ಪಿಕೊಂಡ.

"ಹೌದ್ರಿ, ನಾನೇ ತಿದ್ದೀನಿ. ನೆಗೆಟಿವ್ ಮ್ಯಾಲ ಸಣ್ಣ ಪೆನ್ಸಿಲ್ಲಿನಾಗ ಆಡಿಸಿದ್ರ ಕಲಿ ಮುಚ್ಚಿಹೋಗ್ತದ್ರಿ. ನನ್ನ ಸ್ಟುಡಿಯೋದಾಗ ಯಾರ ಮಾರೀನೂ ಇದ್ದಂಗ ಬಿಟ್ಟು ಕೊಟ್ಟಿಲ್ರಿ."

"ಇದು ಕನ್ಯಾ ತೋರ್ಸೂ ಫೋಟೋ ಏನಲೇ? ಜೈಲಿಂದು!"

"ಜೈಲಿನ್ಯಾಗಿದ್ದವ್ರು ಮಂದಿ ಅಲ್ಲೇನ್ರಿ? ಅವ್ರಿಗೂ ಚಂದ ಕಾಣ್ಬೇಕು ಅನಸ್ತದಲ್ರಿ."

"ಹಂಗಾರ ಆ ಪೆನ್ಸಿಲ್ಲು ಒರಸಿ ತೋರ್ಸು" ಎಂದರು ಸಾಹೇಬರು.

ನಾನು ದೀಪದ ಬತ್ತಿಯ ಅರಳೆ ಕೊಟ್ಟೆ. ಅವನು ಏನೋ ಎಣ್ಣೆಯಲ್ಲಿ ಅದನ್ನು ಅದ್ದಿ, ಸಾಹೇಬರ ಕಣ್ಣೆದುರೇ ನೆಗೆಟಿವ್ ಒರೆಸಿದ. ಅರಳೆ ಕರ್ರಗಾಯಿತು. ಸೈಕಲ್ ಹತ್ತಿ ಹೋಗಿ, ಹೊಸದಾಗಿ ತೊಳೆದ ಫೋಟೋವನ್ನು ಒದ್ದೆ ಒದ್ದೆಯಾಗಿಯೇ ತಂದ. ಒಣಗಿಸಲು ಬೇರೆ ಜಾಗವಿಲ್ಲದೆ ನನ್ನ ಹಗ್ಗಕ್ಕೇ ಬಟ್ಟೆಯ ಚಿಮಟಿ ಹಾಕಿ ನೇತುಬಿಟ್ಟ. ಖಾಕಿ ಅಂಗಿಗೂ ನನ್ನ ಸೀರೆಗೂ ನಡುವೆ ಆ ರೈತನ ಮುಖ ಗಾಳಿಗೆ ಅಲ್ಲಾಡುತ್ತಿತ್ತು, ಎಡಗಣ್ಣಿನ ಕೆಳಗೆ ದೊಡ್ಡ ಕಲೆಯೊಂದಿಗೆ.

ಗೇಟಿನಲ್ಲಿ ಕೂತಿದ್ದ ಅವನ ಹೆಂಡತಿಯನ್ನು ಕರೆದು ತೋರಿಸಿದರು. ಅವಳು ಬಹಳ ಹೊತ್ತು ನೋಡಿ, ಕಂಬಿಯ ಹಿಂದಿದ್ದ ಗಂಡನ ಕಡೆ ತಿರುಗಿದಳು.

"ಬರೂಕಿಂತ ಮೊದಲೇ ಆಗಿತ್ತಂದ್ರ, ಹೊಡದವ್ರು ಯಾರು? ಖರೇ ಹೇಳು."

ಅವನು ತಲೆ ಕೆರೆದುಕೊಂಡ. "ಹೊಡದಿಲ್ಲ ಬೇ. ಜಗಳ ಬಿಡಸಾಕ ಬಂದಿದ್ದ ನಿನ್ನ ತಮ್ಮ. ಅವನ ಮೊಳಕೈ ಬಡೀತು. ಹೇಳಿದ್ರ ನೀ ತವರಿಗಿ ಹೋಗಿ ಅವನ ಕೂಡ ಕುಸ್ತಿ ಹಿಡೀತಿದ್ದಿ."

"ಅವಂದು ನೋಡ್ಕೋತೇನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲು ನಕ್ಕವರು ಸಾಹೇಬರೇ. ಆಮೇಲೆ ಆಕೆ ಮನೆಯವರ ಮುಂದೆ ಬಂದು "ತಪ್ಪು ತಿಳಕೋಬ್ಯಾಡ್ರಿ ಯಣ್ಣಾ" ಎಂದು ಕೈಮುಗಿದಳು. "ನಿಮ್ಮ ಜಾಗಾದಾಗ ನಾನಿದ್ರೂ ಕೇಳ್ತಿದ್ದೆ ತಂಗಿ. ಕೇಳಬೇಕು" ಎಂದರು ಇವರು.

ಸಸ್ಪೆಂಡಿನ ಮಾತು ಅಲ್ಲಿಗೇ ನಿಂತಿತು. ಆದರೆ ಸಾಹೇಬರು ಎದ್ದು ಹೋಗಲಿಲ್ಲ. ಇನ್ನು ಮುಂದೆ ಫೋಟೋ ಇದ್ದರೂ ಗಾಯ ಬರೆಯಬೇಕು, ಹೊರಗೆ ಹೋಗುವ ದಿನವೂ ಒಂದು ಫೋಟೋ ತೆಗೆಸಬೇಕು ಎಂದು ಮನೆಯವರಿಗೆ ಹೇಳಿದರು. ಸ್ಟುಡಿಯೋದವನಿಗೆ ಹೇಳಿದ್ದು ಒಂದೇ: ಜೈಲಿಗೆ ಬರುವಾಗ ಪೆನ್ಸಿಲ್ಲು ಮನೆಯಲ್ಲಿಟ್ಟು ಬಾ. ಆಮೇಲೆ ನನ್ನ ಎರಡನೆಯ ಚಹಾ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಪೂರ್ತಿ ಕುಡಿದರು.

ಹೋಗುವಾಗ ಸ್ಟುಡಿಯೋದವನು ನನ್ನ ಫೋಟೋ ನೋಡಿ, "ಅಕ್ಕಾರ, ಇದನ್ನೂ ಒರಸಿ ಹೊಸಾದು ತೆಗದು ಕೊಡ್ಲೇನ್ರಿ?" ಎಂದ.

"ಅದೊಂದು ಹಂಗ ಇರ್ಲಿ ಬಿಡಪ್ಪಾ" ಎಂದೆ.

ರಾತ್ರಿ ಬಿಸಿ ರೊಟ್ಟಿ, ಪುಂಡಿಪಲ್ಲೆ, ಖಾರದ ಶೇಂಗಾ ಹಿಂಡಿ, ಮೊಸರು. ಮನೆಯವರು ಎಂದಿಗಿಂತ ಒಂದು ರೊಟ್ಟಿ ಹೆಚ್ಚು ಉಂಡರು. ನಾನು ಫೋಟೋವನ್ನು ಮತ್ತೆ ಮೊಳೆಗೆ ಹಾಕಿ ತಿರುಗುವಷ್ಟರಲ್ಲಿ, ಹಾಸಿಗೆ ಬಿಡಿಸುವುದನ್ನೂ ಕಾಯದೆ, ಬರಿ ಚಾಪೆಯ ಮೇಲೆ ಅವರು ನಿದ್ದೆ ಹೋಗಿದ್ದರು.