ಒಳಲೆ ಸಾಕಿದ ಕೂಸು

ಅಕ್ಕತಂಗಿಯರೇ, ಹೋದ ವಾರ ನನಗೊಂದು ಇಂಗ್ಲಿಷ್ ಪದವಿ ಬಂತು. ಪರೀಕ್ಷೆ ಬರೆಯದೆ!

ಚಿತ್ತಾಪುರದ ಶಾಲೆಯಲ್ಲಿ ಉರ್ದು ಕಲಿಸುವ ನಮ್ಮ ಮನೆಯವರು ವಾಡಿಯಿಂದ ಹಳೆಯ ಡಿಕ್ಷನರಿಯೊಂದನ್ನು ತಂದಿದ್ದರು. ತಿರುವುತ್ತ ಕೂತವರು ಒಮ್ಮೆಲೇ, ‘ಏ, ನಿನ್ನ ಹೆಸರು ಇದರಾಗ ಅದ ನೋಡು. ಡ್ರೈ ನರ್ಸ್!’ ಅಂದರು. ಎದೆಹಾಲಿಲ್ಲದೆ, ಕೈಯಿಂದಲೇ ಕುಡಿಸಿ ಕೂಸು ಸಾಕುವವಳಿಗೆ ಇಂಗ್ಲಿಷಿನವರು ಹಿಂದಿನಿಂದಲೂ ಹಾಗೆ ಅಂತಾರಂತೆ.

ಅತ್ತೆಯವರು ಒಳಗಿನಿಂದಲೇ, ‘ಖರೇನ ಅದ. ಬರೇ ಒಳಲೆಯಿಂದ ಕೂಸಿನ್ನ ಉಳಿಸ್ಯಾಳ,’ ಅಂದರು.

ನನಗೆ ನಗು ಬರಲಿಲ್ಲ.

ಮೈದುನನ ಹೆಂಡತಿ ಹಡೆದ ನಾಲ್ಕನೆಯ ದಿನಕ್ಕೇ ಜ್ವರ ಬಂದು ಮಲಗಿದಳು. ಹಾಲು ಬತ್ತಿತು. (ಜೀವ ಉಳಿಯಿತಲ್ಲ, ಅದು ಸ್ವಾಮಿಯ ದಯೆ.) ಕೂಸು ನನ್ನ ತೊಡೆಗೆ ಬಂತು. ಕೂಸಿನ ಬಾಯಿಗೆ ಹಾಲು ಹನಿಸುವ ಬೆಳ್ಳಿಯ ಒಳಲೆ, ನೀರು ಬೆರೆಸಿ ಕಾಸಿದ ಆಕಳ ಹಾಲು, ಮಡಿಯಲ್ಲಿ ಕುಡಿಸುವ ನಾನು. ಕುಡಿದದ್ದೆಲ್ಲ ಕಕ್ಕುತ್ತಿತ್ತು. ವಾರದಲ್ಲಿ ಅಳುವ ಶಕ್ತಿಯೂ ಹೋಯಿತು.

ನಮ್ಮ ಆಕಳು ಹಿಂಡಲು ಬರುವ ಭೀಮವ್ವನಿಗೂ ಹಸುಗೂಸಿತ್ತು. ‘ಬಾಯಾರ, ನನಗ ಹಾಲು ಸೋರಾಕತ್ತದ. ಇತ್ಲಾಗ ಕೊಡ್ರಿ ಕೂಸಿನ್ನ,’ ಅಂದಳು.

ಅತ್ತೆಯವರು ಸಿಡಿದರು. ‘ನಿನ್ನ ಹಾಲು ಕುಡದ್ರ ಕೂಸಿನ ಜಾತಿ ಏನಾಗಬೇಕು?’

‘ಆಕಳಾ ಹಾಲು ಕುಡದು ಕೂಸಿಗಿ ಕೊಂಬು ಬಂದಾವೇನ್ರಿ?’

ಆಕೆಯ ಕೈ ಹಿಂಡಿದ ಹಾಲು ದೇವರ ನೈವೇದ್ಯಕ್ಕೆ ನಡೆಯುತ್ತದೆ. ಆಕೆಯ ಎದೆಯದು ಮಾತ್ರ ಮೈಲಿಗೆ. ಈ ಕಟ್ಟಳೆ ಯಾವ ದೇವರು ಮಾಡಿದ್ದು?

ಮರುದಿನ ಅತ್ತೆಯವರು ಪೂಜೆಗೆ ಕೂತಾಗ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೊಟ್ಟಿಗೆಗೆ ಹೋದೆ. ಭೀಮವ್ವ ಸೆಗಣಿ ಬುಟ್ಟಿ ಸರಿಸಿ ಕೂತಳು. ಕೂಸು ಎದೆ ಹಿಡಿದದ್ದು ಬಿಡಲೇ ಇಲ್ಲ. ಎರಡು ತಿಂಗಳು ಹೀಗೇ ಕದ್ದು ನಡೆಯಿತು. ಒಳಲೆಯನ್ನು ಮಾತ್ರ ದಿನಾ ಎಲ್ಲರ ಕಣ್ಣಿಗೆ ಬೀಳುವಂತೆ ತೊಳೆದು ಬೋರಲು ಹಾಕುತ್ತಿದ್ದೆ. (ಕೊಟ್ಟಿಗೆಯಿಂದ ಬಂದು ಸ್ನಾನವನ್ನೂ ಮಾಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ?)

ತಾಯಿ ಚೇತರಿಸಿಕೊಂಡಳು. ಮೊನ್ನೆ ಶುಕ್ರವಾರ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಸೇಡಂ, ಶಹಾಬಾದಿನಿಂದ ನೆಂಟರು ಬಂದರು. ಅತ್ತೆಯವರು ಎಲ್ಲರಿಗೂ ಒಳಲೆ ತೋರಿಸಿದ್ದೇ ತೋರಿಸಿದ್ದು. ಭೀಮವ್ವ ಅಂಗಳದಲ್ಲಿ ನಿಂತಿದ್ದಳು. ಒಳಗೆ ಕೂಸು ಅತ್ತಿತು. ಹೊರಗೆ ಆಕೆಯ ಕುಪ್ಪಸ ತೊಯ್ದಿತು.

‘ಭೀಮೀ, ದೂರ ಸರದು ನಿಂದ್ರು. ಕೂಸಿಗೆ ದೃಷ್ಟಿ ಆದೀತು,’ ಅಂದರು ಅತ್ತೆ.

ಆಕೆ ಸರಿದಳು. ಸರಿಯುವಾಗ ನನ್ನ ಮುಖ ನೋಡಿದಳು. ನಾನು ತಾಂಬೂಲದ ತಟ್ಟೆ ಹಿಡಿದು ನೆಂಟರ ಕಡೆ ಹೊರಳಿದೆ.

ಇಷ್ಟುದ್ದ ಬರೆಯಲು ಬರುವ ನನಗೆ, ಆಗ ‘ಒಳಗ ಬಾ’ ಅನ್ನಲು ಯಾಕೆ ಬರಲಿಲ್ಲ?